ಬೂದಿ, ಹುಣಸೆ, ಮೈಲಿಗೆ

ಹಳೆಯ ತಾಮ್ರದ ಹಂಡೆಗಳಿಗೆ ಈಗ ಕಾಲ ಬಂದಿದೆ. ಅಟ್ಟದಿಂದ ಇಳಿಸಿ, ತಿಕ್ಕಿಸಿ, ಪಡಸಾಲೆಯಲ್ಲಿಟ್ಟು ಇದು ನಮ್ಮ ಪರಂಪರೆ ಅಂತಾರೆ. ಯಾರು ತಿಕ್ಕಿದರು, ಯಾರು ಅದರ ನೀರು ಕುಡಿದರು, ಯಾರಿಗೆ ಅದು ನಿಷಿದ್ಧವಾಗಿತ್ತು ಎಂಬ ಪ್ರಶ್ನೆಗಳು ಮಾತ್ರ ಅಟ್ಟದಲ್ಲೇ ಉಳಿಯುತ್ತವೆ. ಭಾಂಡೆಯ ಚರಿತ್ರೆಯನ್ನು ಕೇರಿಯ ಕಡೆಯಿಂದ ಬರೆಯುವುದಾದರೆ ಈ ಪ್ರಶ್ನೆಗಳಿಂದಲೇ ಸುರು ಮಾಡಬೇಕು.

ನವಲಗುಂದ ತಾಲೂಕಿನ ಮೊರಬ ನಮ್ಮೂರು. ಮದುವೆ, ಜಾತ್ರೆ ಬಂದರೆ ನಮ್ಮ ಆಯಿ, ಅಂದರೆ ಅವ್ವನ ಅವ್ವ, ದೊಡ್ಡ ಮನೆಯೊಂದರ ಹಿತ್ತಲಿಗೆ ಹೋಗುತ್ತಿದ್ದಳು. ಹಂಡೆ, ಕೊಡ, ಪರಾತ, ಗಂಗಾಳ ಎಲ್ಲ ಹೊರಗೆ ಬರುತ್ತಿದ್ದವು. ಹುಣಸೆಹಣ್ಣು, ಉಪ್ಪು ಹಚ್ಚಿ, ಒಲೆಯ ಬೂದಿಯಿಂದ ತಿಕ್ಕಿ, ಮಾರಿ ಕಾಣುವ ಹಾಗೆ ಮಾಡುತ್ತಿದ್ದಳು. ಆಮೇಲೆ ಆಕೆ ದೂರ ಸರಿದು ನಿಲ್ಲಬೇಕು. ಮನೆಯವರು ಬಂದು ಮೇಲಿನಿಂದ ನೀರು ಸುರುವಿ, ಮೈಲಿಗೆ ಕಳೆದು ಒಳಗೆ ಒಯ್ಯುತ್ತಿದ್ದರು. “ತಿಕ್ಕೂ ತನಕ ನಮ್ಮ ಕೈ, ತಿಕ್ಕಿದ ಮ್ಯಾಲ ಅವರ ಭಾಂಡೆ” ಅಂತಿದ್ದಳು ಆಯಿ.

ಈ ಹಿತ್ತಲಿನ ನಿಯಮಕ್ಕೆ ಶಾಸ್ತ್ರದ ಬೆಂಬಲವಿದೆ. ಮನುಸ್ಮೃತಿಯ 5ನೇ ಅಧ್ಯಾಯ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಕ್ಷಾರ, ಹುಳಿ, ನೀರಿನಿಂದ ಶುದ್ಧ ಮಾಡಬೇಕೆನ್ನುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದು ಸರಿಯೇ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ಬೂದಿಯ ಕ್ಷಾರ ಜಿಡ್ಡು ತೆಗೆಯುತ್ತದೆ. ಆದರೆ ಅದೇ ಗ್ರಂಥದ 10ನೇ ಅಧ್ಯಾಯದ ಪ್ರಕಾರ ಚಂಡಾಲರು ಊರ ಹೊರಗಿರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು. ಲೋಹದ ಕೊಳೆಗೆ ಶುದ್ಧಿ ಉಂಟು, ಹುಟ್ಟಿಗೆ ಅಂಟಿಸಿದ ಕೊಳೆಗೆ ಇಲ್ಲ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಮನುಸ್ಮೃತಿ ಸುಟ್ಟಾಗ ಈ ಲೆಕ್ಕವೂ ಬೆಂಕಿಗೆ ಬಿತ್ತು.

ತಿಕ್ಕಿದ ಮಾತ್ರಕ್ಕೆ ಪಾತ್ರೆ ಅಡಿಗೆಗೆ ಬರುವುದಿಲ್ಲ. ತಾಮ್ರ, ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ವಿಷವಾಗುತ್ತದೆ. ಅದಕ್ಕೇ ಕಲಾಯಿ. ಪಾತ್ರೆಯನ್ನು ಕೆಂಡದ ಮೇಲೆ ಕಾಸಿ, ನವಸಾಗರ ಉದುರಿಸಿ, 232 ಡಿಗ್ರಿಗೆ ಕರಗುವ ತವರವನ್ನು ಮುಟ್ಟಿಸಿ, ಅರಳೆಯಿಂದ ಒಳಗೆಲ್ಲ ಸವರಬೇಕು. ನಮ್ಮ ಕಡೆ ಕಲಾಯಿಗಾರ ಎಂಬ ಅಡ್ಡಹೆಸರು ಮುಸ್ಲಿಂ ಮನೆತನಗಳಲ್ಲಿದೆ. ಮಡಿ ಅಡಿಗೆಯ ಪಾತ್ರೆಯೂ ಕಲಾಯಿಗಾರರ ಕೈಯಿಂದಲೇ ಬರಬೇಕಿತ್ತು. ಶುದ್ಧಿಯ ಶಾಸ್ತ್ರ ಬರೆದವರು ಒಬ್ಬರು, ಶುದ್ಧಿಯ ದುಡಿಮೆ ಮಾಡಿದವರು ಮತ್ತೊಬ್ಬರು.

ಇನ್ನು ದಲಿತರೇ ಲೋಹದ ಪಾತ್ರೆ ಕೊಂಡರೆ? 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಝಾನು ಹಳ್ಳಿಯಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದದ್ದಕ್ಕೆ ಸವರ್ಣೀಯರು ಅವರನ್ನು ಹೊಡೆದರು. ಅಂಬೇಡ್ಕರ್ ಇದನ್ನು 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ಕೊಡ ಅವರದೇ, ದುಡ್ಡೂ ಅವರದೇ. ಸವರ್ಣೀಯರ ಕಣ್ಣು ಕುಕ್ಕಿದ್ದು ಕೊಡದ ಹೊಳಪು. ಸಾರ್ವಜನಿಕ ಹೋಟೆಲುಗಳಲ್ಲಿ ಇಟ್ಟ ಪಾತ್ರೆ ಬಳಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು ಅಪರಾಧವೆಂದು 1955ರ ಕಾನೂನು ಬಿಡಿಸಿ ಬರೆಯಬೇಕಾಯಿತು. ಒಂದು ಲೋಟಕ್ಕೂ ಪಾರ್ಲಿಮೆಂಟು ಬೇಕಾದ ದೇಶ ನಮ್ಮದು.

ಆಯಿ ಬಿಟ್ಟುಹೋದದ್ದು ಒಂದು ಜರ್ಮನ್ ಗಂಗಾಳ, ಅಂದರೆ ಅಲ್ಯೂಮಿನಿಯಮ್ಮಿನದು. ಅದಕ್ಕೆ ಕಲಾಯಿ ಬೇಡ. ಬೂದಿ ಹಚ್ಚಿದರೆ ಕಪ್ಪಾಗುತ್ತದೆ. ಊರ ತಾಮ್ರವನ್ನೆಲ್ಲ ಬೆಳಗಿದವಳು ಉಂಡದ್ದು ಇದರಲ್ಲಿ. ಪರಂಪರೆಯ ಮಾತಾಡುವವರು ಹಂಡೆಯ ಪಕ್ಕದಲ್ಲಿ ಈ ಗಂಗಾಳವನ್ನೂ ಇಡಲಿ. ಆಮೇಲೆ ಚರಿತ್ರೆ ಮಾತಾಡೋಣ.