ನೇಗಿಲೂ ಗೊಣ್ಣೆಹುಳವೂ



ದುಮ್ಮವಾಡದ ಕಡೆ ಮಳೆಗಾಲದಲ್ಲಿ ನಿಮ್ಮ ಕಬ್ಬು ಹಳದಿಯಾಗಿ ಒಣಗತೊಡಗಿದರೆ ಒಂದು ಬುಡ ಹಿಡಿದು ಜಗ್ಗಿ ನೋಡಿರಿ. ಸಲೀಸಾಗಿ ಕಿತ್ತು ಬಂದರೆ ಬುಡದ ಮಣ್ಣು ಕೆದರಿರಿ. ಕೊಕ್ಕೆಯಂತೆ ಬಾಗಿದ ಬಿಳಿ ಮೈ, ಕಂದು ತಲೆ, ಅದೇ ಗೊಣ್ಣೆಹುಳು. ದುಂಬಿಯ ಮರಿ. ಬೇರನ್ನೇ ತಿಂದುಬಿಡುತ್ತದೆ. ಇದಕ್ಕೂ ನಮ್ಮ ಉಳುಮೆಗೂ ಹಳೆಯ ನಂಟು.

ಹಿಂದೆ ಧಾರವಾಡ ಸೀಮೆಯ ಎರೆಹೊಲಕ್ಕೆ ವರ್ಷವರ್ಷವೂ ನೇಗಿಲು ಹೂಡುತ್ತಿರಲಿಲ್ಲ. ಕುಂಟಿ ಹೊಡೆದು ಹರಗಿದರೆ ಸಾಕಿತ್ತು. ಕರಿಕೆ ಹಬ್ಬಿದಾಗ ಮಾತ್ರ ಮೂರು ನಾಲ್ಕು ಜೋಡಿ ಎತ್ತು ಕಟ್ಟಿ ಆಳ ಉಳುತ್ತಿದ್ದರು. 1903ರ ಸುಮಾರಿಗೆ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರೀತೆಂದು ಜನ ಅಂಜಿದರು. ಮೊದಮೊದಲು ಕೊಳ್ಳುವವರೇ ಇಲ್ಲ! ಹುಳುವಿಗಾಗಿ ಮಾಡಿದ ನೇಗಿಲೇನೂ ಅದಲ್ಲ. ಆದರೆ ಮರದ ನೇಗಿಲು ಮಣ್ಣು ಸೀಳುತ್ತದೆ, ಇದು ಮಗುಚಿ ಹಾಕುತ್ತದೆ. ಒಳಗಿದ್ದ ಹುಳು ಬಿಸಿಲಿಗೆ ಬೀಳುತ್ತದೆ. ಕಾಗೆ, ಬೆಳ್ಳಕ್ಕಿ, ಗೊರವಂಕಗಳು ನೇಗಿಲ ಹಿಂದೆಯೇ ನಡೆದು ಆರಿಸಿ ತಿನ್ನುತ್ತವೆ.

ಮುಂದೆ ಬಿ.ಎಚ್.ಸಿ. ಪುಡಿ ಬಂತು. ಸಾಲಿಗೆ ಉದುರಿಸಿದರಾಯಿತು, ಹಕ್ಕಿಯ ಹಂಗು ಯಾಕ ಬೇಕು ಅಂದೆವು. ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುವ ವಿಷವದು. 1997ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಇತ್ತ ಕುಳೆ ಕಬ್ಬು ಬಿಟ್ಟ ಹೊಲ ಎರಡು ಮೂರು ವರ್ಷ ನೇಗಿಲನ್ನೇ ಕಾಣುವುದಿಲ್ಲ. ಹುಳುವಿಗೆ ಅದಕ್ಕಿಂತ ಸುಖದ ಮನೆ ಯಾವುದು?

ಹಾಗೆಂದು ಆಳ ಉತ್ತರೆ ಮುಗಿಯಿತು ಅನ್ನಬೇಡ್ರಿ. ವೇಳೆ ನೋಡಬೇಕು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ, ಬಾರಿ ಗಿಡಗಳಿಗೆ ಮುತ್ತುತ್ತವೆ. ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರಿ ಮೊಟ್ಟೆಯಿಡುತ್ತವೆ. ಮರಿಗಳು ಮಳೆಗಾಲವೆಲ್ಲ ಬೇರಿನ ಮಟ್ಟದಲ್ಲೇ ಮೇಯುತ್ತವೆ. ಮಳೆ ನಿಂತು ಮಣ್ಣು ಆರುತ್ತ ಬಂದಂತೆ ಕೆಳಕ್ಕಿಳಿದು, ಮಣ್ಣಿನ ಗೂಡು ಮಾಡಿ ಕೋಶವಾಗುತ್ತವೆ. ಆಳಕ್ಕಿಳಿದ ಮೇಲೆ ಬೇಸಿಗೆಯಲ್ಲಿ ಉತ್ತರೆ ಕೆಲವು ಸಿಕ್ಕಾವು, ಉಳಿದವು ಫಾಳಕ್ಕೆ ಎಟುಕವು. ಈಗಿನ ರೋಟಾವೇಟರ್ ಮೇಲುಮಣ್ಣು ಪುಡಿಮಾಡುತ್ತದೆ, ಅಷ್ಟೇ. ಆದ್ದರಿಂದ ಮುಂಗಾರಿ ಪೀಕು ತೆಗೆದೊಡನೆ, ಹಸಿ ಇನ್ನೂ ಇರುವಾಗಲೇ, ಮಗುಚುವ ನೇಗಿಲು ಹೂಡಿರಿ. ರಾತ್ರಿ ಬೇಡ, ಹಕ್ಕಿಗಳಿರುವ ಹೊತ್ತಿಗೆ ಹೂಡಿರಿ.

ಕುಳೆ ಹೊಲದವರಿಗೆ ಈ ದಾರಿ ಇಲ್ಲ. ಅವರು ಮೊದಲ ಮಳೆಯ ಸಂಜೆ ಕಂದೀಲು ಹಿಡಿದು ಬೇವಿನ ಟೊಂಗೆ ಅಲುಗಿಸಬೇಕು, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಓಣಿಯವರೆಲ್ಲ ಕೂಡಿಯೇ ಹೊರಡಿರಿ. ದುಂಬಿಗೆ ನಿಮ್ಮ ಬದು, ಅವರ ಬದು ಎಂಬುದಿಲ್ಲ.