ಜಿ.ಆರ್. ವಿಶ್ವನಾಥ್: ಕಷ್ಟಕಾಲಕ್ಕೆ ಒದಗಿದ ಬ್ಯಾಟ್ಸ್‌ಮನ್

ಗುಂಡಪ್ಪ ರಂಗನಾಥ ವಿಶ್ವನಾಥ್ 1969ರಿಂದ 1983ರವರೆಗೆ ಭಾರತ ತಂಡದ ಪರವಾಗಿ 91 ಟೆಸ್ಟ್ ಪಂದ್ಯಗಳನ್ನಾಡಿ 6,080 ರನ್ ಗಳಿಸಿದ ಕನ್ನಡಿಗ. ಅಭಿಮಾನಿಗಳ ಬಾಯಲ್ಲಿ ಅವರು ‘ವಿಶಿ’. ಅವರು ಟೆಸ್ಟ್ ಕಣದಿಂದ ಹಿಂದೆ ಸರಿದಾಗ ಭಾರತದ ಪರ ಅವರಿಗಿಂತ ಹೆಚ್ಚು ರನ್ ಗಳಿಸಿದ್ದವರು ಸುನೀಲ್ ಗಾವಸ್ಕರ್ ಒಬ್ಬರೇ. ವಿಶ್ವನಾಥ್ ವಿವಾಹವಾದದ್ದು ಅದೇ ಗಾವಸ್ಕರ್ ಅವರ ಸಹೋದರಿಯನ್ನು.

ವಿಶ್ವನಾಥ್ ಅವರ ಟೆಸ್ಟ್ ಸರಾಸರಿ 41.93. ಇಂದಿನ ದಾಖಲೆಗಳ ನಡುವೆ ಇದು ಕಣ್ಣು ಕುಕ್ಕುವ ಅಂಕಿಯೇನಲ್ಲ. ಆದರೆ ಅವರು ಶತಕ ಬಾರಿಸಿದ 14 ಟೆಸ್ಟ್‌ಗಳಲ್ಲಿ ಭಾರತ ಒಂದರಲ್ಲಿಯೂ ಸೋಲಲಿಲ್ಲ. ಎಷ್ಟು ರನ್ ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದರಿಂದಲೇ ಈ ಆಟಗಾರನನ್ನು ಅಳೆಯಬೇಕು.

ಭದ್ರಾವತಿಯಿಂದ ಬೆಂಗಳೂರಿಗೆ

ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರುವರಿ 12ರಂದು, ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ. ಕ್ರಿಕೆಟ್ ಕಲಿತು ಬೆಳೆದದ್ದು ಬೆಂಗಳೂರಿನಲ್ಲಿ. ಅವರ ಎತ್ತರ ಐದು ಅಡಿ ಮೂರು ಅಂಗುಲದಷ್ಟು. ವೇಗದ ಬೌಲರ್‌ಗಳ ಎದುರು ಇಷ್ಟು ಕುಳ್ಳಗಿನ ಹುಡುಗ ನಿಲ್ಲಬಲ್ಲನೇ ಎಂಬ ಸಂಶಯ ಯಾರಿಗಾದರೂ ಬರುವಂಥದ್ದೇ.

ಆ ಸಂಶಯಕ್ಕೆ ಉತ್ತರ ಮೊದಲ ಪಂದ್ಯದಲ್ಲಿಯೇ ದೊರೆಯಿತು. 1967ರಲ್ಲಿ ಮೈಸೂರು ತಂಡದ ಪರವಾಗಿ ರಣಜಿ ಕಣಕ್ಕಿಳಿದ ಅವರು ವಿಜಯವಾಡದಲ್ಲಿ ಆಂಧ್ರದ ವಿರುದ್ಧ 230 ರನ್ ಹೊಡೆದರು. ಇಂದಿನ ಕರ್ನಾಟಕ ತಂಡಕ್ಕೆ ಆಗ ರಾಜ್ಯದ ಹೆಸರಿನಂತೆಯೇ ‘ಮೈಸೂರು’ ಎಂಬ ಹೆಸರಿತ್ತು.

ಕ್ರಿಕೆಟ್ ಒಂದನ್ನೇ ನಂಬಿ ಜೀವನ ನಡೆಸುವ ಕಾಲ ಅದಾಗಿರಲಿಲ್ಲ. ಬಹುತೇಕ ಆಟಗಾರರು ಬ್ಯಾಂಕು, ಕಾರ್ಖಾನೆಗಳ ನೌಕರಿಯ ಆಸರೆಯಲ್ಲಿಯೇ ಆಡುತ್ತಿದ್ದರು. ವಿಶ್ವನಾಥ್ ಭಾರತೀಯ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು.

ಮೊದಲು ಸೊನ್ನೆ, ನಂತರ 137

1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಶ್ವನಾಥ್ ಟೆಸ್ಟ್ ಜೀವನ ಆರಂಭಿಸಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಈ ಯುವಕನಿಗೆ ಧೈರ್ಯ ತುಂಬಿದರು. ಎರಡನೇ ಇನಿಂಗ್ಸ್‌ನಲ್ಲಿ ಬಂದದ್ದು 25 ಬೌಂಡರಿಗಳಿದ್ದ 137 ರನ್.

ಅಲ್ಲಿಯವರೆಗೆ ಭಾರತದ ಪರ ಚೊಚ್ಚಲ ಟೆಸ್ಟ್‌ನಲ್ಲಿ ಶತಕ ಹೊಡೆದವರಾರೂ ಮತ್ತೊಂದು ಟೆಸ್ಟ್ ಶತಕ ಕಂಡಿರಲಿಲ್ಲ. ಲಾಲಾ ಅಮರನಾಥ್ ಅವರಿಂದ ಹನುಮಂತ್ ಸಿಂಗ್ ಅವರವರೆಗೆ ಎಲ್ಲರದೂ ಅದೇ ಕಥೆ. ಇದನ್ನೊಂದು ಶಾಪವೆಂದೇ ಜನ ಆಡಿಕೊಳ್ಳುತ್ತಿದ್ದರು. ವಿಶ್ವನಾಥ್ ಕೂಡ ಎರಡನೇ ಶತಕಕ್ಕಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. 1973ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ 113 ರನ್ ಹೊಡೆದಾಗ ಆ ಮಾತು ಸುಳ್ಳಾಯಿತು.

ಮುಂಬಯಿಯ ಕೋಟೆ ಕುಸಿದಾಗ

1958–59ರಿಂದ ಸತತ 15 ಬಾರಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಮಣಿಸುವವರೇ ಇರಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಋತುವಿನಲ್ಲಿಯೇ ಅದು ಬದಲಾಯಿತು. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಇ.ಎ.ಎಸ್. ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲ ಇನಿಂಗ್ಸ್‌ನ ಮುನ್ನಡೆಯೊಂದಿಗೆ ಮುಂಬಯಿಯನ್ನು ಹೊರದಬ್ಬಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಚೊಚ್ಚಲ ರಣಜಿ ಕಿರೀಟ ಧರಿಸಿತು. 1977–78ರಲ್ಲಿ ಉತ್ತರ ಪ್ರದೇಶದ ವಿರುದ್ಧದ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಹೊಡೆದು ಎರಡನೇ ಪ್ರಶಸ್ತಿಗೂ ನೆರವಾದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಗರಿಷ್ಠ ಮೊತ್ತ ಇದೇ.

ಚೆಪಾಕ್‌ನ ಅಜೇಯ 97

ವಿಶ್ವನಾಥ್ ಹೆಸರು ಹೇಳಿದೊಡನೆ ಹಳೆಯ ಅಭಿಮಾನಿಗಳು ನೆನೆಯುವುದು ಶತಕವನ್ನಲ್ಲ, ಶತಕಕ್ಕೆ ಮೂರು ರನ್ ಕಡಿಮೆಯಿದ್ದ ಇನಿಂಗ್ಸನ್ನು. 1974–75ರಲ್ಲಿ ಕ್ಲೈವ್ ಲಾಯ್ಡ್ ಮುಂದಾಳತ್ವದ ವೆಸ್ಟ್ ಇಂಡೀಸ್ ತಂಡ ಸರಣಿಯ ಮೊದಲೆರಡು ಟೆಸ್ಟ್ ಗೆದ್ದಿತ್ತು. ಕೋಲ್ಕತ್ತದಲ್ಲಿ ವಿಶ್ವನಾಥ್ ಅವರ 139 ರನ್‌ಗಳ ಬಲದಿಂದ ಭಾರತ 85 ರನ್‌ಗಳಿಂದ ಗೆದ್ದು ಉಸಿರಾಡಿತು. ನಾಲ್ಕನೇ ಟೆಸ್ಟ್ 1975ರ ಜನವರಿಯಲ್ಲಿ ಚೆನ್ನೈನ ಚೆಪಾಕ್ ಕ್ರೀಡಾಂಗಣದಲ್ಲಿ ನಡೆಯಿತು.

ಹೆಲ್ಮೆಟ್ ಇಲ್ಲದ ಕಾಲ. ವೇಗಿ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಬಳಿಸಿದರು. ಒಂದು ತುದಿಯಲ್ಲಿ ವಿಕೆಟ್‌ಗಳು ಉದುರುತ್ತಿದ್ದರೆ ಮತ್ತೊಂದು ತುದಿಯಲ್ಲಿ ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆಯುತ್ತಲೇ ಇದ್ದರು. ಕೊನೆಯ ಆಟಗಾರ ಬಿ.ಎಸ್. ಚಂದ್ರಶೇಖರ್ ಔಟಾದಾಗ ತಂಡದ ಮೊತ್ತ 190. ಅದರಲ್ಲಿ ಅರ್ಧಕ್ಕೂ ಮಿಗಿಲು, ಅಂದರೆ 97 ರನ್, ಅಜೇಯರಾಗುಳಿದ ವಿಶ್ವನಾಥ್ ಅವರದು. ಭಾರತ ಆ ಪಂದ್ಯವನ್ನು 100 ರನ್‌ಗಳಿಂದ ಗೆದ್ದು ಸರಣಿಯನ್ನು ಸಮಮಾಡಿತು. ಮುಂಬಯಿಯ ಕೊನೆಯ ಪಂದ್ಯ ಸೋತು ಸರಣಿ ಕೈತಪ್ಪಿದರೂ ಐದು ಟೆಸ್ಟ್‌ಗಳಲ್ಲಿ ವಿಶ್ವನಾಥ್ ಗಳಿಕೆ 568 ರನ್. 2001ರಲ್ಲಿ ಸಿದ್ಧವಾದ ‘ವಿಸ್ಡನ್’ನ ನೂರು ಶ್ರೇಷ್ಠ ಇನಿಂಗ್ಸ್‌ಗಳ ಪಟ್ಟಿಯಲ್ಲಿ ಈ 97ಕ್ಕೂ ಸ್ಥಾನ ದೊರೆಯಿತು.

1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403 ರನ್‌ಗಳ ಗುರಿ ಎದುರಾದಾಗ ಅವರು 112 ರನ್ ಗಳಿಸಿದರು. ಭಾರತ 4 ವಿಕೆಟ್‌ಗೆ 406 ರನ್ ಮಾಡಿ ಗೆದ್ದು ಸ್ಥಾಪಿಸಿದ ದಾಖಲೆ 2003ರವರೆಗೆ ಅಳಿಯಲಿಲ್ಲ. 1979ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಇನಿಂಗ್ಸ್ 96ಕ್ಕೆ ಮುಗಿದಾಗ, ಎರಡನೆಯದರಲ್ಲಿ ವಿಶ್ವನಾಥ್ 113, ದಿಲೀಪ್ ವೆಂಗ್‌ಸರ್ಕಾರ್ 103 ರನ್ ಗಳಿಸಿ ಸೋಲು ತಪ್ಪಿಸಿದರು. 1981ರ ಮೆಲ್ಬರ್ನ್ ಟೆಸ್ಟ್‌ನಲ್ಲಿ ತಂಡದ 237 ರನ್‌ಗಳಲ್ಲಿ 114 ಅವರವು. ಆಸ್ಟ್ರೇಲಿಯಾ ಕೊನೆಯ ಇನಿಂಗ್ಸ್‌ನಲ್ಲಿ 83ಕ್ಕೆ ಕುಸಿದು ಭಾರತ ಗೆದ್ದಿತು. 1982ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಬಾರಿಸಿದ 222 ಅವರ ಟೆಸ್ಟ್ ಜೀವನದ ಗರಿಷ್ಠ ಮೊತ್ತ. ಆ ಪಂದ್ಯದಲ್ಲಿ ಯಶ್‌ಪಾಲ್ ಶರ್ಮಾ ಜತೆಗೂಡಿ ಒಂದು ದಿನವಿಡೀ ವಿಕೆಟ್ ಬೀಳದಂತೆ ಆಡಿದರು.

ಸೋಲಿಗಿಂತ ದೊಡ್ಡ ನಿರ್ಧಾರ

ವಿಶ್ವನಾಥ್ ಭಾರತದ ನಾಯಕರಾಗಿದ್ದದ್ದು ಎರಡೇ ಟೆಸ್ಟ್‌ಗಳಲ್ಲಿ. ಎರಡನೆಯದು 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ, ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಪಂದ್ಯ. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅನಂತರ ಬಾಬ್ ಟೇಲರ್ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಖಚಿತವಾಗಿತ್ತು. ತೀರ್ಪು ಬದಲಿಸುವಂತೆ ಅಂಪೈರ್ ಅವರನ್ನು ಕೋರಿ ಟೇಲರ್ ಅವರನ್ನು ಮರಳಿ ಕರೆಸಿಕೊಂಡರು.

ಆ ಔದಾರ್ಯಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಟೇಲರ್ 43 ರನ್ ಗಳಿಸಿ, 114 ಹೊಡೆದ ಇಯಾನ್ ಬಾಥಮ್ ಜತೆ 171 ರನ್‌ಗಳ ಜತೆಯಾಟವಾಡಿದರು. ಬೌಲಿಂಗ್‌ನಲ್ಲಿಯೂ 13 ವಿಕೆಟ್ ಕಿತ್ತ ಬಾಥಮ್ ಎದುರು ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆ ಟೆಸ್ಟ್ ನಾಯಕರಾಗಲಿಲ್ಲ. ಆದರೆ ನಾಲ್ಕು ದಶಕಗಳ ಬಳಿಕವೂ ಆ ಪಂದ್ಯದ ಪ್ರಸ್ತಾಪ ಬಂದಾಗ ಬಾಥಮ್ ಸಾಧನೆಯ ಜತೆಗೇ ಸೋತ ನಾಯಕನ ಹೆಸರೂ ಬರುತ್ತದೆ.

ಕೊನೆಯ ದಿನಗಳು

ಒಂದೇ ಒಂದು ಕೆಟ್ಟ ಸರಣಿ ಅವರ ಟೆಸ್ಟ್ ಜೀವನವನ್ನು ಮುಗಿಸಿತು. 1982–83ರ ಪಾಕಿಸ್ತಾನ ಪ್ರವಾಸದಲ್ಲಿ ರನ್ ಬರಲಿಲ್ಲ. 1983ರ ಆರಂಭದಲ್ಲಿ ಕರಾಚಿಯಲ್ಲಿ ಆಡಿದ್ದೇ ಕೊನೆಯ ಟೆಸ್ಟ್. ಅದೇ ವರ್ಷ ಜೂನ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಾಗ, 1975 ಮತ್ತು 1979ರ ವಿಶ್ವಕಪ್‌ಗಳಲ್ಲಿ ಆಡಿದ್ದ ವಿಶ್ವನಾಥ್ ತಂಡದಲ್ಲಿರಲಿಲ್ಲ. ಟೆಸ್ಟ್ ಬಾಗಿಲು ಮುಚ್ಚಿದರೂ ಅವರು 1987–88ರವರೆಗೆ ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1999ರಿಂದ 2004ರವರೆಗೆ ಐಸಿಸಿ ಪಂದ್ಯ ರೆಫರಿಯಾಗಿದ್ದರು. ಸಿ.ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಅವರಿಗೆ ಸಂದಿದೆ. ಆತ್ಮಕಥೆ ‘ರಿಸ್ಟ್ ಅಶ್ಯೂರ್ಡ್’ 2022ರಲ್ಲಿ ಹೊರಬಂದಿತು.

ಮೈಸೂರಿನ ನಂಟು

ಮೈಸೂರಿನ ಜತೆಗಿನ ವಿಶ್ವನಾಥ್ ನಂಟು ಅವರು ಆಡಿದ ಮೊದಲ ತಂಡದ ಹೆಸರಿಗಷ್ಟೇ ಸೀಮಿತವಲ್ಲ. ಚೆಪಾಕ್‌ನಲ್ಲಿ ಕೊನೆಯ ವಿಕೆಟ್‌ಗೆ ಜತೆ ನೀಡಿದ ಚಂದ್ರಶೇಖರ್ ಮೈಸೂರಿನಲ್ಲಿ ಹುಟ್ಟಿದವರು. ಮೈಸೂರಿನ ಮತ್ತೊಬ್ಬ ಹುಡುಗನನ್ನು ಕ್ಲಬ್ ಪಂದ್ಯವೊಂದರಲ್ಲಿ ಮೊದಲು ಗುರುತಿಸಿದವರು ವಿಶ್ವನಾಥ್. ಆ ಹುಡುಗ ಜಾವಗಲ್ ಶ್ರೀನಾಥ್. 1989–90ರಲ್ಲಿ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್‌ನೊಂದಿಗೆ ರಣಜಿ ಪ್ರವೇಶಿಸಿದ ಶ್ರೀನಾಥ್ ಮುಂದೆ 236 ಟೆಸ್ಟ್ ವಿಕೆಟ್ ಪಡೆದರು.

ಈಗ ಮೈಸೂರಿಗೆ ದೊಡ್ಡ ಕ್ರಿಕೆಟ್ ಹೊಸದಲ್ಲ. 2010ರ ಜನವರಿಯಲ್ಲಿ ರಣಜಿ ಫೈನಲ್ ಇಲ್ಲಿಯೇ ನಡೆದು, ಮನೀಶ್ ಪಾಂಡೆ ಅವರ 144 ರನ್‌ಗಳ ಹೋರಾಟದ ನಡುವೆಯೂ ಕರ್ನಾಟಕ ಮುಂಬಯಿಗೆ ಆರು ರನ್‌ಗಳಿಂದ ಸೋತಿತು. 2024ರಲ್ಲಿ ಮೈಸೂರು ವಾರಿಯರ್ಸ್ ಮಹಾರಾಜ ಟ್ರೋಫಿ ಟ್ವೆಂಟಿ20 ಗೆದ್ದಿತು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗನೊಬ್ಬ ಮೈಸೂರಿಗೆ ಬಂದು, ಅಲ್ಲಿಂದ ರಾಜ್ಯ ತಂಡದವರೆಗೆ ಸಾಗುವ ದಾರಿ ಇಂದಿಗೂ ಹತ್ತಿರದ್ದಲ್ಲ. ಅವನ ಆಟವನ್ನು ನೋಡಿ ಗುರುತಿಸುವ ಹಿರಿಯನೊಬ್ಬ ಬೇಕಾಗುತ್ತದೆ. ಆ ಹಿರಿಯ ನೋಡಬೇಕಾದದ್ದು ಹುಡುಗನ ಎತ್ತರವನ್ನಾಗಲಿ, ಸರಾಸರಿಯೊಂದನ್ನೇ ಆಗಲಿ ಅಲ್ಲ. ತಂಡ ಕುಸಿಯುತ್ತಿರುವಾಗ ಅವನು ಹೇಗೆ ಆಡುತ್ತಾನೆ ಎಂಬುದನ್ನು.

ಅಂಕಿ–ಅಂಶ

ಟೆಸ್ಟ್: ಪಂದ್ಯ 91, ರನ್ 6,080, ಸರಾಸರಿ 41.93, ಶತಕ 14, ಗರಿಷ್ಠ 222
ಏಕದಿನ: ಪಂದ್ಯ 25, ರನ್ 439, ಗರಿಷ್ಠ 75
ಪ್ರಥಮ ದರ್ಜೆ: ಪಂದ್ಯ 308, ರನ್ 17,970, ಶತಕ 44, ಗರಿಷ್ಠ 247