ನಂದಿಯ ಹಂಚಿನ ಸ್ಟೇಷನ್

ನಂದಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೆಟ್ಟ. ಬೆಳಗಿನ ಮಂಜು, ಟಿಪ್ಪು ಡ್ರಾಪ್, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಹತ್ತಿ ಹಿಡಿದ ಕೋಟೆ. ಬೆಟ್ಟ ಇಳಿದ ಮೇಲೂ ಸಮಯ ಉಳಿದವರು ಊರೊಳಗಿನ ಭೋಗನಂದೀಶ್ವರನನ್ನು ನೋಡಿ ಬರುತ್ತಾರೆ. ಒಂಬತ್ತನೆಯ ಶತಮಾನದಷ್ಟು ಹಳೆಯ ದೇವಸ್ಥಾನ ಅದು. ನೊಳಂಬರ ಕಾಲದಿಂದ ವಿಜಯನಗರದ ಕಾಲದವರೆಗೆ ಒಬ್ಬೊಬ್ಬರೂ ಅದಕ್ಕೆ ಏನಾದರೂ ಸೇರಿಸುತ್ತಲೇ ಬಂದರು. ಈ ಎರಡರ ಜೊತೆಗೆ ಮೂರನೆಯದೊಂದು ಚರಿತ್ರೆ ರೈಲು ಹಳಿಯ ಪಕ್ಕದಲ್ಲಿ ಸುಮ್ಮನೆ ನಿಂತಿದೆ. ಅದೇ ನಂದಿ ಹಾಲ್ಟ್ ಸ್ಟೇಷನ್. ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಈ ದಾರಿಗೆ ರೈಲು ಬಂದದ್ದು 1915ರಲ್ಲಿ. ಆಗ ಮೈಸೂರಿನ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಅವರು ಹುಟ್ಟಿದ ಮುದ್ದೇನಹಳ್ಳಿಯೂ ಇದೇ ನಂದಿಯ ಸೀಮೆಯಲ್ಲಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ ಹಾಕಿದ್ದು ನ್ಯಾರೋ ಗೇಜ್, ಅಂದರೆ ಹಳಿಯಿಂದ ಹಳಿಗೆ ಬರೀ ಎರಡೂವರೆ ಅಡಿ. ಇಂಥ ದಾರಿಗೆ ಹಣ ಕಡಿಮೆ ಸಾಕು, ನೆಲವೂ ಕಡಿಮೆ ಸಾಕು, ತಿರುವು ಬಂದ ಕಡೆ ಗುಡ್ಡ ಕಡಿಯುವ ಬದಲು ಸುತ್ತಿಕೊಂಡು ಹೋಗಬಹುದು. ಆ ಕಡೆ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಇಂಥದೇ ಚಿಕ್ಕ ಹಳಿ ಬಂದಿತ್ತು. ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಕಟ್ಟಿಕೊಂಡು ಎರಡೂ ದಾರಿಗಳು ಚಿಕ್ಕಬಳ್ಳಾಪುರದಲ್ಲಿ ಕೂಡಿದವು. ವರ್ಷವಿಡೀ ಹರಿಯುವ ನದಿ ಇಲ್ಲದ, ಕೆರೆಯನ್ನೇ ನಂಬಿದ ಸೀಮೆ ಇದು. ರೇಷ್ಮೆ, ತರಕಾರಿ, ಹಣ್ಣು ಬೆಳೆದು ಪೇಟೆಗೆ ಸಾಗಿಸಿಯೇ ಬದುಕಬೇಕು. ಅಂಥ ಕಡೆ ಈ ಪುಟ್ಟ ರೈಲು ಬಂದದ್ದು ದೊಡ್ಡ ಸಂಗತಿ.

ಯಲಹಂಕ ಬಿಟ್ಟರೆ ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ಆಮೇಲೆ ನಂದಿ. ಈ ಸಾಲಿನ ಹಳೆಯ ಸ್ಟೇಷನ್ನುಗಳನ್ನು ನೋಡಿದರೆ ಕಟ್ಟಿಸಿದವರ ಮನಸ್ಸು ಅರ್ಥವಾಗುತ್ತದೆ. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸಿನ ಗುಮ್ಮಟ, ಗೋಪುರ, ಕೆತ್ತನೆ ಇಲ್ಲಿಲ್ಲ, ಬೇಕಾಗಿಯೂ ಇರಲಿಲ್ಲ. ಸುತ್ತ ಗ್ರಾನೈಟಿನ ಗುಡ್ಡಗಳಿವೆ. ಬೆಟ್ಟಹಲಸೂರಂತೂ ಕಲ್ಲು ಕ್ವಾರಿಗೇ ಹೆಸರಾದ ಊರು. ಹಾಗಾಗಿ ದಪ್ಪ ಗೋಡೆ, ಮೇಲೆ ಇಳಿಜಾರಾದ ಮಂಗಳೂರು ಹಂಚಿನ ಸೂರು, ಸೂರನ್ನು ಗೋಡೆಯಿಂದ ಮುಂದಕ್ಕೆ ಚಾಚಿ ಹಿಡಿಯುವ ಮರದ ಆಸರೆಗಳು. ಪಕ್ಕದಲ್ಲಿ ಸ್ಟೇಷನ್ ಮಾಸ್ಟರ್ ಮತ್ತು ಸಿಬ್ಬಂದಿಗೆ ಮನೆ, ನೀರಿಗೊಂದು ಬಾವಿ, ನೆರಳಿಗೆ ಮರ. ಇಷ್ಟರಲ್ಲೇ ಒಂದು ಪುಟ್ಟ ಊರು ಕಟ್ಟಿದಂತಾಯಿತು. ನನ್ನ ಕಣ್ಣಿಗೆ ಈ ಅಳತೆಯೇ ಚೆಲುವು. ತಲೆಯ ಮೇಲೆ ಮೂಟೆ ಹೊತ್ತು ಬಂದ ರೈತ ಹೆದರದೆ ಒಳಗೆ ಕಾಲಿಡಬಹುದಾದಷ್ಟೇ ದೊಡ್ಡದು ಈ ಕಟ್ಟಡ.

ಹಂಚಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ತೆರೆದು, ಹೊಳೆದಂಡೆಯ ಜೇಡಿಮಣ್ಣಿನಿಂದ ಅಚ್ಚೊತ್ತಿ ಸುಟ್ಟ ಹಂಚು ಮಾಡತೊಡಗಿದರು. ನಾಡಹಂಚಿನ ಹಾಗೆ ಒಂದರ ಮೇಲೊಂದು ಸುಮ್ಮನೆ ಹೊದಿಸುವುದಲ್ಲ ಇದು. ಒಂದರ ಅಂಚಿನ ತೋಡಿನಲ್ಲಿ ಇನ್ನೊಂದರ ಏಣು ಕೂರುತ್ತದೆ. ಹಿಂಬದಿಯ ಮೂತಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮಳೆ ಒಳಗೆ ಬಾರದು, ಬಿಸಿಗಾಳಿ ಮಾತ್ರ ಸಂದುಗಳಿಂದ ಮೇಲೆದ್ದು ಹೋಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಾಂಕ್ರೀಟು ತಾರಸಿಯ ಕೆಳಗೂ ಇಂಥ ಸೂರಿನ ಕೆಳಗೂ ಹತ್ತು ನಿಮಿಷ ನಿಂತು ನೋಡಿದರೆ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಒಂದು ಹಂಚು ಒಡೆದರೆ ಆ ಒಂದನ್ನು ತೆಗೆದು ಬೇರೆ ಸೇರಿಸಿದರಾಯಿತು, ಇಡೀ ಸೂರನ್ನು ಮುಟ್ಟುವ ಕೆಲಸವಿಲ್ಲ. ಹಳೆಯ ಹಂಚು ಕೆಳಗಿಳಿಸಿದಾಗ ಮಗುಚಿ ನೋಡಿ, ಮಾಡಿದ ಕಂಪನಿಯ ಹೆಸರು ಬೆನ್ನ ಮೇಲೆ ಅಚ್ಚೊತ್ತಿರುತ್ತದೆ. ಕಟ್ಟಡದ ವಯಸ್ಸು ಹುಡುಕುವವರಿಗೆ ಅದೂ ಒಂದು ಶಾಸನ.

1990ರ ದಶಕದಲ್ಲಿ ನ್ಯಾರೋ ಗೇಜ್ ಹೋಗಿ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜ್ ಬಂತು. ಅಲ್ಲಿಂದ ಮುಂದೆ ಕೋಲಾರದ ತನಕ ಅಗಲ ಹಳಿ ಮುಗಿದು ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಬದಲಾವಣೆ ಬೇಕಿತ್ತು, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಓಡಾಡುವ ರೈಲುಗಳು ಕೆಲವೇ ಆಗಿ, ಹಾಲ್ಟ್‌ಗಳಲ್ಲಿ ಮಾಸ್ಟರೂ ಬೇಡವಾದಾಗ ಕಟ್ಟಡಗಳಿಗೆ ಬೀಗ ಬಿತ್ತು. ಬಳಸದ ಮನೆ ಬೇಗ ಬೀಳುತ್ತದೆ. ಹಂಚು ಜಾರಿದ ಕಡೆ ನೀರು ಇಳಿದು ಮೊದಲು ರೀಪು, ಆಮೇಲೆ ಜಂತೆ, ಕೊನೆಗೆ ಗೋಡೆಯ ತಲೆ ಕೊಳೆಯುತ್ತದೆ. ವಿಚಿತ್ರವೆಂದರೆ, ಅದೇ ಅಸಡ್ಡೆ ಈ ಸ್ಟೇಷನ್ನುಗಳನ್ನು ಉಳಿಸಿಯೂ ಇತ್ತು. ಜನಸಂದಣಿ ಇದ್ದಿದ್ದರೆ ಇವನ್ನು ಯಾವಾಗಲೋ ಕೆಡವಿ ಹೊಸದು ಕಟ್ಟಿಬಿಡುತ್ತಿದ್ದರು.

ಈಚಿನ ವರ್ಷಗಳಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ರೈಲ್ವೆಯ ಜೊತೆ ಸೇರಿ ಈ ಸಾಲಿನ ಸ್ಟೇಷನ್ನುಗಳ ಜೀರ್ಣೋದ್ಧಾರಕ್ಕೆ ಕೈಹಾಕಿತು. ನಂದಿ ಹಾಲ್ಟ್ ಮತ್ತೆ ತಲೆಯೆತ್ತಿತು. ಇಂಥ ಕೆಲಸದ ಗುಟ್ಟು ಸುಣ್ಣದಲ್ಲಿದೆ. ಸುಣ್ಣದ ಗಾರೆಯ ಹಳೆಯ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಕೆಲವೇ ಮಳೆಗಾಲದಲ್ಲಿ ಮೇಲ್ಮೈ ಹೊಪ್ಪಳಿಕೆಯೆದ್ದು ಉದುರುತ್ತದೆ. ಸುಣ್ಣವನ್ನು ನೆನೆಹಾಕಿ, ಮರಳು ಸೇರಿಸಿ, ಹದವಾಗಿ ಅರೆಯಬಲ್ಲ ಗಾರೆ ಕೆಲಸದವರು ಈಗ ಸುಲಭಕ್ಕೆ ಸಿಗುವುದಿಲ್ಲ. ಅವರು ಸಿಕ್ಕರೂ ಕಾಯಬೇಕು, ಅವಸರ ಮಾಡಬಾರದು. ಪುರಾತತ್ವ ಕಾಯ್ದೆ ಸ್ಮಾರಕಕ್ಕೆ ಕೇಳುವ ಕನಿಷ್ಠ ವಯಸ್ಸು ನೂರು ವರ್ಷ. ನಂದಿ ಸ್ಟೇಷನ್ನಿಗೆ ಅದು 2015ಕ್ಕೇ ತುಂಬಿತು. ಆದರೆ ನೂರು ತುಂಬಿದ ಮಾತ್ರಕ್ಕೆ ಯಾವ ಕಟ್ಟಡಕ್ಕೂ ಕಾವಲು ಸಿಕ್ಕಿಬಿಡುವುದಿಲ್ಲ. ಯಾರಾದರೂ ಬೆನ್ನು ಹತ್ತಬೇಕು.

ಈ ದಾರಿಯ ಹಣೆಬರಹ ಈಗ ಮತ್ತೆ ಬದಲಾಗುತ್ತಿದೆ. ಹಳಿಯ ಮೇಲೆ ವಿದ್ಯುತ್ ತಂತಿ ಬಂದಿದೆ. ವಿಮಾನ ನಿಲ್ದಾಣದ ಹತ್ತಿರ 2021ರ ಜನವರಿಯಲ್ಲಿ ಹೊಸ ಹಾಲ್ಟ್ ಶುರುವಾಯಿತು. ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ಬೆಂಗಳೂರು ಸಿಟಿ ಸ್ಟೇಷನ್ನಿನಿಂದ ದೇವನಹಳ್ಳಿಯವರೆಗೆ ಬರಬೇಕೆಂಬ ಯೋಜನೆ ಇದೆ. ಜನ ಬರಲಿ, ರೈಲು ಹೆಚ್ಚಲಿ. ಹೊಸ ಪ್ಲಾಟ್‌ಫಾರ್ಮು, ಲಿಫ್ಟು, ಮೇಲ್ಸೇತುವೆ ಬೇಕಾದಷ್ಟು ಪಕ್ಕದಲ್ಲಿ ಕಟ್ಟಲಿ. ದೊಡ್ಡಜಾಲದ, ದೇವನಹಳ್ಳಿಯ ಹಳೆಯ ಕಟ್ಟಡಗಳಲ್ಲಿ ಮಾತ್ರ ಟಿಕೆಟ್ಟಿನ ಕಿಟಕಿಯೋ ಓದುವ ಕೋಣೆಯೋ ಕಾಫಿ ಅಂಗಡಿಯೋ ನಡೆಯುತ್ತಿರಲಿ. ಗುದ್ದಲಿ ಬೀಳುವ ಮೊದಲು ಪ್ರತಿ ಗೋಡೆ, ಪ್ರತಿ ತೊಲೆಯ ಅಳತೆ ತೆಗೆದು ನಕ್ಷೆ ಬರೆಸುವುದಕ್ಕೆ ಆಗುವ ಖರ್ಚು ಒಂದು ಲಿಫ್ಟಿನ ಬೆಲೆಯಷ್ಟೂ ಅಲ್ಲ. ಆ ನಕ್ಷೆಗಳ ಒಂದು ಪ್ರತಿ ಆಯಾ ಊರಿನ ಗ್ರಂಥಾಲಯದಲ್ಲೂ ಇರಬೇಕೆಂದು ನಮ್ಮ ಕಡೆಯವರು ಈಗಲೇ ಅರ್ಜಿ ಹಾಕುವುದು ಒಳ್ಳೆಯದು.